ಕಣ್ಣು ಮುಚ್ಚಿ, ಕೈ ಎತ್ತಿ

ಕಣ್ಣು ಮುಚ್ಚು ಅಂದರೆ ಮುಚ್ಚುವ ಜಾಯಮಾನ ನನ್ನದಲ್ಲ. ಆದರೆ ನಿರ್ಮಲಾ ಮೇಡಂ ಬಲು ಶಿಸ್ತು. ಚಳ್ಳಕೆರೆಯ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಅವತ್ತು, ಮಾನಸಿಕ ರೋಗಿಗಳನ್ನು ಕಂಡರೆ ನಮಗೆಷ್ಟು ತಾತ್ಸಾರ ಎಂದು ಅಳೆಯುತ್ತಿದ್ದರು. ಬರೆಯಲು ಕೊಟ್ಟರೆ ಪಕ್ಕದವರದನ್ನು ನೋಡಿ ಬರೆಯುತ್ತೇವಂತೆ. ಅದಕ್ಕೇ ಎಲ್ಲರೂ ಕಣ್ಣು ಮುಚ್ಚಬೇಕು, ಹೌದಾದರೆ ಕೈ ಎತ್ತಬೇಕು.

"ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳೋರನ್ನ ಮದುವೆ ಆಗ್ತೀರಾ?"

ನಾನು ನೆಟ್ಟಗೆ ಕೈ ಎತ್ತಿದೆ. ನರ್ಸ್ ಆಗುವವಳು ಅಷ್ಟೂ ಮಾಡದಿದ್ದರೆ ಹೇಗೆ?

"ನಿಮ್ಮ ಮನೆಯಲ್ಲೇ ಅಂಥೋರಿದ್ದು, ಹೊರಗೆ ಹೇಳದೆ ಮುಚ್ಚಿಟ್ಟಿದೀರಾ?"

ಯಾರಪ್ಪಾ ಅಂಥವರು ಎಂದು ತಡೆಯಲಾರದೆ ಒಂದು ಕಣ್ಣು ತೆರೆದೆ. ಇಡೀ ಕ್ಲಾಸಿನಲ್ಲಿ ಎದ್ದದ್ದು ಒಂದೇ ಕೈ. ನನ್ನ ಪಕ್ಕದಲ್ಲಿದ್ದ ದೀಪಿಕಾಳದು.

ಬರುವ ತಿಂಗಳು ಅವಳ ಅಣ್ಣ ಕಿರಣ್‌ಕುಮಾರನಿಗೂ ನನಗೂ ಮದುವೆ. ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ತಂದಿಟ್ಟೂ ಆಗಿತ್ತು.

ಕ್ಲಾಸು ಬಿಟ್ಟದ್ದೇ ತಡ, ಅವಳನ್ನು ವರಾಂಡಕ್ಕೆ ಎಳೆದೊಯ್ದೆ. "ಯಾರೇ ಅದು? ನಿಜ ಹೇಳು."

ದೀಪಿಕಾ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಅಣ್ಣ ಕಣೇ ಮಂಗಳಾ. ಓದೋವಾಗ ಹುಷಾರು ತಪ್ಪಿದ್ದ. ಈಗ ಆರಾಮಾಗದಾನೆ. ಮಾತ್ರೆ ತಗಂತಾನೆ, ಅಷ್ಟೇ."

"ಹುಚ್ಚನ್ನ ತಂದು ನನ್ನ ಕೊರಳಿಗೆ ಕಟ್ಟಾಕೆ ಹೊರಟಿದ್ರಾ?"

ಅಂದದ್ದು ನಾನೇ. ಆ ಮಾತು ನನ್ನ ಬಾಯಿಂದ ಬಂತೆಂದು ನನಗೇ ದಿಗಿಲಾಯಿತು. ಹಾಗಂತ ಸಿಟ್ಟೇನೂ ಇಳಿಯಲಿಲ್ಲ. ಪರಶುರಾಂಪುರದಲ್ಲಿದ್ದ ಕಿರಣನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

"ಯಾಕ್ರೀ ಮುಚ್ಚಿಟ್ರಿ? ನಂಬಿಸಿ ಕತ್ತು ಕೊಯ್ಯೋದು ಅಂದ್ರೆ ಇದೇ ಅಲ್ವಾ?"

ಆ ಕಡೆ ಟ್ರ್ಯಾಕ್ಟರಿನ ಸದ್ದು ನಿಂತಿತು. "ದೀಪಿ ಹೇಳಿದ್ಲಾ?" ಎಂದ ಕಿರಣ್. ದನಿ ಏರಲಿಲ್ಲ. "ಹೇಳಾಕೆ ಅಂತಾನೇ ಒಂದಿನ ನಿಮ್ಮನೆಗೆ ಬಂದಿದ್ದೆ. ಆಗ ನೀನು ಮಾನಸಿಕ ವಾರ್ಡಿನಾಗೆ ಡ್ಯೂಟಿ ಮುಗಿಸ್ಕಂಡು ಬಂದಿದ್ದೆ. ಅಲ್ಲಿ ಪೇಷಂಟ್ ಹೆಂಗೆ ನಡೀತಾನೆ, ಅವನ ಕೈ ಹೆಂಗೆ ನಡುಗ್ತಾವೆ ಅಂತ ಮಾಡಿ ತೋರಿಸ್ದೆ. ಮನೆ ಮಂದಿಯೆಲ್ಲಾ ಬಿದ್ದು ಬಿದ್ದು ನಕ್ರು."

ಅಯ್ಯೋ ಶಿವನೇ! ನೆನಪಾಯಿತು. ಇನ್ನೊಂದು ಸಲ ಮಾಡೇ ಎಂದಿದ್ದಳು ಅವ್ವ. ನಾನು ಮತ್ತೆ ಮಾಡಿದ್ದೆ.

"ಮಾತ್ರೆ ಶುರು ಮಾಡಿದಾಗ ನನ್ನ ಕೈಯೂ ಹಂಗೇ ನಡುಗ್ತಿದ್ವು," ಎಂದ. "ನಿನ್ನ ಮ್ಯಾಲೆ ಆಸೆ ಇತ್ತು, ಅದಕ್ಕೆ ನಾನೂ ನಕ್ಕೆ. ಜೀವಮಾನ ಪೂರ್ತಿ ಹಂಗೆ ನಗಾಕೆ ನನ್ ಕೈಲಿ ಆಗಲ್ಲ, ಮಂಗಳಾ. ಮದುವೆ ಬ್ಯಾಡ ಅಂತ ನಿಮ್ಮಪ್ಪಾರಿಗೆ ನಾನೇ ಹೇಳ್ತೀನಿ."