ಕುಬುಸದ ದಿನ ಹೇಳಿದ ಹೆಸರು

ಒಡಪು ಕಟ್ಟುವುದರಲ್ಲಿ ನಂದಾಳಿಗೆ ತನ್ನೂರು ತಿಕೋಟಾದಲ್ಲಷ್ಟೇ ಅಲ್ಲ, ಬಬಲೇಶ್ವರದ ಬೀಗರ ನಡುವೆಯೂ ಹೆಸರಿತ್ತು. ಮದುವೆ, ಕುಬುಸ, ತೊಟ್ಟಿಲು ಯಾವುದೇ ಇರಲಿ, ಆರತಿಗೆ ಮುಂಚೆ ಹೆಂಗಸರು ಒಬ್ಬೊಬ್ಬರಾಗಿ ಗಂಡನ ಹೆಸರು ಹೇಳಬೇಕು. ನೇರವಾಗಿ ಹೇಳುವಂತಿಲ್ಲ, ಎರಡು ಸಾಲಿನ ಪ್ರಾಸದೊಳಗೆ ಇಟ್ಟು ಹೇಳಬೇಕು. ಉಳಿದವರು ತಾಯಿಯಿಂದ ಕಲಿತದ್ದನ್ನೇ ಒಪ್ಪಿಸಿ ಸೆರಗು ಸರಿಮಾಡಿಕೊಂಡು ಕೂತುಬಿಡುತ್ತಿದ್ದರು. ನಂದಾ ಪ್ರತಿ ಸಲ ಹೊಸದು ಹೇಳುತ್ತಿದ್ದಳು.

ಆ ಹೊಸ ಸಾಲುಗಳು ಎಲ್ಲಿಂದ ಬರುತ್ತವೆ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಅವು ಮಣೂಕದ ಶೆಡ್ಡಿನಲ್ಲಿ ಬರುತ್ತಿದ್ದವು. ಒಣಗಿದ ದ್ರಾಕ್ಷಿಯನ್ನು ಉದ್ದ ಮೇಜಿನ ಮೇಲೆ ಹರವಿ, ಕಡ್ಡಿ, ಕಪ್ಪು ಕಾಳು ಬೇರೆ ಮಾಡುತ್ತ ಕೂತಾಗ ಕೈಗೆ ಕೆಲಸವಿರುತ್ತಿತ್ತು, ಮನಸ್ಸಿಗೆ ಇರುತ್ತಿರಲಿಲ್ಲ. ಮೊದಲೆಲ್ಲ ಗಂಡ ಚಂದ್ರಕಾಂತನ ಹೆಸರಿಟ್ಟುಕೊಂಡೇ ಪ್ರಾಸ ಹುಡುಕುತ್ತಿದ್ದಳು. ಇತ್ತೀಚೆಗೆ ಮೂರು ವರ್ಷದಿಂದ ಆ ಹೆಸರಿಗೆ ಸಾಲು ಹುಟ್ಟುತ್ತಿರಲಿಲ್ಲ. ಮಿಹಿರನ ಹೆಸರಿಗೆ ಹುಟ್ಟುತ್ತಿತ್ತು.

ಮಿಹಿರ ಏಳೂವರೆಯ ಧಾರಾವಾಹಿಯ ನಾಯಕ. ಬಡಗಿಯ ಪಾತ್ರ. ಅವನು ಅದರಲ್ಲಿ ಬಹಳ ಒಳ್ಳೆಯವನು, ತಂಗಿಯರ ಮದುವೆ ಮಾಡುತ್ತಾನೆ, ಹೆಂಡತಿಯ ಮೇಲೆ ದನಿ ಏರಿಸುವುದಿಲ್ಲ. ಅತ್ತೆ ಗುರುಬಸವ್ವ ನೋಡುತ್ತಿದ್ದುದು ಆ ಒಳ್ಳೆಯತನಕ್ಕೆ. ನಂದಾ ನೋಡುತ್ತಿದ್ದುದು ಅದಕ್ಕಲ್ಲ. ಅವನು ತೋಳು ಮಡಚಿ ಹಲಗೆಯ ಮೇಲೆ ಉಜ್ಜುಗೊರಡು ಹೊಡೆಯುವಾಗ ಮುಂಗೈಯಲ್ಲಿ ಏಳುವ ನರ, ಬೆವರಿಗೆ ಅಂಟಿದ ಮರದ ಪುಡಿ, ಬಗ್ಗಿ ನೀರು ಕುಡಿದಾಗ ಗದ್ದದಿಂದ ಕೊರಳಿಗೆ ಇಳಿಯುವ ಹನಿ. ಮುಟ್ಟು ಏರುಪೇರಾಗಲು ಶುರುವಾದ ನಲವತ್ತನಾಲ್ಕರ ವಯಸ್ಸಿನಲ್ಲಿ ಹೊಟ್ಟೆಯ ಕೆಳಗೆ ಹಸಿವಿನಂಥದ್ದೊಂದು ಎದ್ದು ಕೂತಾಗ ಅವಳಿಗೆ ಮೊದಲು ಭಯವಾಗಿತ್ತು. ಆಮೇಲೆ ಅಭ್ಯಾಸವಾಯಿತು. ಯಾರಿಗೂ ಹೇಳುವ ವಿಷಯವಲ್ಲ, ಹೇಳದೆ ಇದ್ದರೆ ಯಾರಿಗೂ ತೊಂದರೆಯೂ ಇಲ್ಲ.

ಹೀಗಾಗಿ ಅವಳೊಂದು ದಾರಿ ಮಾಡಿಕೊಂಡಿದ್ದಳು. ಸಾಲನ್ನು ಮಿಹಿರನ ಹೆಸರಿಗೇ ಕಟ್ಟುವುದು, ಹೇಳುವಾಗ ಆ ಜಾಗದಲ್ಲಿ ಚಂದ್ರಕಾಂತನ ಹೆಸರಿಡುವುದು. ಮೂರಕ್ಷರದ ಜಾಗದಲ್ಲಿ ಉದ್ದದ ಹೆಸರು ಕೂರಿಸಲು ಎಲ್ಲಾದರೊಂದು ಪದ ಕಳೆದರೆ ಸಾಕು. ಮೂರು ವರ್ಷ ಒಮ್ಮೆಯೂ ತಪ್ಪಿರಲಿಲ್ಲ.

ತಪ್ಪಿದ್ದು ಬಬಲೇಶ್ವರದಲ್ಲಿ, ನಾದಿನಿ ನೇತ್ರಾಳ ಮನೆಯಲ್ಲಿ. ನೇತ್ರಾಳ ಹಿರಿಯ ಸೊಸೆ ಕಾವ್ಯಾಳಿಗೆ ಏಳು ತಿಂಗಳು ತುಂಬಿ ಕುಬುಸ ಇಟ್ಟುಕೊಂಡಿದ್ದರು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಅವಳು ನಡುವೆ ಕೂತಿದ್ದಳು. ಸುತ್ತ ಮೂವತ್ತು ಹೆಂಗಸರು. ನೇತ್ರಾಳ ಕಿರಿಯ ಮಗ ಸಂಗು ಬಾಗಿಲಲ್ಲಿ ನಿಂತು, ಬಾರದವರಿಗೆ ತೋರಿಸಲೆಂದು ಫೋನಿನಲ್ಲಿ ಎಲ್ಲವನ್ನೂ ಸೆರೆಹಿಡಿಯುತ್ತಿದ್ದ. ಸೆಕೆಯಿತ್ತು. ಮಧ್ಯಾಹ್ನದ ಹೋಳಿಗೆ ಊಟದ ಮಂಪರಿತ್ತು. ನಂದಾಳ ಸರದಿ ಬಂತು. ಅವಳು ಎಂದಿನಂತೆ ಕಣ್ಣು ಅರೆಮುಚ್ಚಿ, ರಾಗವಾಗಿ ಹೇಳಿದಳು:

“ಮಣೂಕದ ಶೆಡ್ಡಿಗೆ ನಾಕೂ ಕಡೆ ಹಸರ ಪರದೆ,
ಮಿಹಿರರಾಯರ ಹೆಸರ ಹೇಳತೀನಿ ಯಾರಿಗೂ ಹೆದರದೆ.”

ಕಾವ್ಯಾ ಬಳೆ ಸದ್ದು ಮಾಡುತ್ತ ತಿರುಗಿ ನೋಡಿದಳು.

“ಯಾರ ಹೆಸರ ಅಂದಿ ಬೇ?” ಎಂದಳು ಪಕ್ಕದಲ್ಲಿ ಕೂತವಳು.

“ಅದ ಬೇ, ಏಳೂವರಿ ಬಡಗ್ಯಾ!” ಎಂದು ಮತ್ತೊಬ್ಬಳು ಕೂಗಿದಳು.

ನೆರೆಮನೆಯ ಮುದುಕಿ ನೀಲಾಬಾಯಿ ತೊಡೆ ತಟ್ಟಿಕೊಂಡು ನಕ್ಕಳು. “ಯವ್ವಾ, ಚಂದ್ರಕಾಂತಗ ಹೇಳ್ರಿ, ಮನಿ ಬಾಗಲಾ ಗಟ್ಟಿ ಮಾಡಿಸ್ಕೋ ಅಂತ. ಬಡಗ್ಯಾ ಬಂದು ಬಾಗಲಾ ಬಡದ್ರ ಈಕಿ ಚಿಲಕಾ ತಗದು ನಿಂದರ್ತಾಳ!”

ಎಲ್ಲರೂ ನಕ್ಕರು. ನಂದಾಳೂ ನಕ್ಕಳು, ಕಿವಿ ಬಿಸಿಯಾಗಿತ್ತು. ಹೆಂಗಸರ ನಗು ಅಷ್ಟಕ್ಕೇ ಮುಗಿಯುತ್ತಿತ್ತು, ಆರತಿ ತಟ್ಟೆ ಒಳಗೆ ಹೋಗುವ ಹೊತ್ತಿಗೆ ಮರೆತೂ ಹೋಗುತ್ತಿತ್ತೇನೋ. ಆದರೆ ಸಂಗು ಅಷ್ಟರಲ್ಲಿ ಆ ತುಣುಕನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದ.

ಸಂಜೆಯೊಳಗೆ ನಿಡೋಣಿಯ ನೆಂಟರು ಯಾರೋ ಅದಕ್ಕೆ ಕೆಂಪು ಹೃದಯಗಳನ್ನು ಅಂಟಿಸಿದರು. ಮರುದಿನ ಅದು ತಿಕೋಟಾದಲ್ಲಿತ್ತು. ಮಗಳು ಗಂಡನ ಮನೆಯಿಂದ ಫೋನು ಮಾಡಿ, “ಯವ್ವಾ, ನಮ್ಮ ಅತ್ತಿ ಫೋನಿಗೂ ಬಂದೈತಿ ಅದು. ನಾ ಏನ್ ಹೇಳ್ಲಿ ಅವರಿಗೆ?” ಎಂದು ಕೇಳಿದಳು. ಕೇಳಿದವಳೇ ಫೋನು ಇಟ್ಟುಬಿಟ್ಟಳು. ಶೆಡ್ಡಿಗೆ ಹೋದರೆ ಮಾತು ನಿಲ್ಲುತ್ತಿತ್ತು, ಅವಳು ಕೂತ ಮೇಲೆ ಮೇಜಿನ ಆ ತುದಿಯಲ್ಲಿ ಮತ್ತೆ ಶುರುವಾಗುತ್ತಿತ್ತು.

ಮೂರನೆಯ ದಿನ ಚಂದ್ರಕಾಂತ ನಡುಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದ. ಅವನದು ತೋಟಗಳಿಗೆ ಹನಿ ನೀರಾವರಿಯ ಪೈಪು ಮಾರುವ ಅಂಗಡಿ. ಗಿರಾಕಿಯೊಬ್ಬ ಎಲ್ಲರೆದುರು, “ಏನ್ರಿ ಮಿಹಿರರಾಯರ, ಪೈಪ್ ಬಂದಾವೇನ್ರಿ?” ಎಂದಿದ್ದನಂತೆ. ಚಂದ್ರಕಾಂತ ಇದನ್ನು ತಾಯಿಗೆ ಹೇಳಿದ, ನಂದಾಳಿಗೆ ಹೇಳಲಿಲ್ಲ. ಅಡುಗೆಮನೆಯಲ್ಲಿ ಅವಳಿಗೆ ಕೇಳಿಸಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ಅವಳ ಮೇಲೆ ಕೈಯೆತ್ತಿರಲಿಲ್ಲ, ಕುಡಿದು ಬಂದಿರಲಿಲ್ಲ. ಮುಟ್ಟುವುದನ್ನೂ ಯಾವಾಗಲೋ ಬಿಟ್ಟಿದ್ದ. ಜಗಳವೇನೂ ಆಗಿರಲಿಲ್ಲ, ಮಗಳ ಮದುವೆಯ ಓಡಾಟದಲ್ಲಿ ನಿಂತದ್ದು ಮತ್ತೆ ಶುರುವಾಗಿರಲಿಲ್ಲ, ಅಷ್ಟೇ.

ಆ ಭಾನುವಾರ ನೇತ್ರಾ ಮಗನನ್ನು ಕರೆದುಕೊಂಡು ಬಂದಳು. ದಾರಿ ಹುಡುಕಿದವನು ಸಂಗುವೇ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅವನದು ಮೊಬೈಲ್ ಅಂಗಡಿ. ಒಬ್ಬ ಸಿನಿಮಾ ನಾಯಕನ ಮುಖವನ್ನು ಎದೆಯ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ, ಆ ನಾಯಕನ ಹುಟ್ಟುಹಬ್ಬಕ್ಕೆ ಕಟೌಟಿನ ಮೇಲೆ ಹತ್ತಿ ಹಾಲು ಸುರಿದಿದ್ದ. ಮನೆಯವರು ಹುಚ್ಚ ಎಂದು ನಕ್ಕು ಸುಮ್ಮನಾಗಿದ್ದರು.

“ಮಾಮಿ, ನಮ್ಮ ರಸ್ತಾದಾಗ ಹೊಸಾ ಸೀರಿ ಅಂಗಡಿ ಆಗೈತಿ. ಬರೂ ಗುರುವಾರ ಓಪನಿಂಗಿಗೆ ಆ ಮಿಹಿರನ ಬರಾಕತ್ತಾನ. ರಾಖಿ ಹುಣ್ಣಿವಿ ಮುಂದ ಐತಲ್ಲ, ಹೆಣ್ಮಕ್ಕಳು ಸ್ಟೇಜ್ ಮ್ಯಾಲ ಹೋಗಿ ರಾಖಿ ಕಟ್ಟೂದು ಇಟ್ಟಾರ. ನಾ ಪಾಸ್ ತರ್ತೀನಿ. ನೀವು ಒಂದು ಕಟ್ರಿ, ಅಣ್ಣಾ ಅನ್ರಿ, ನಾ ವಿಡಿಯೋ ಹೊಡದು ಗ್ರೂಪಿಗೆ ಹಾಕ್ತೀನಿ. ಮುಗೀತು.”

“ಹೌದಲ್ಲ,” ಎಂದಳು ನೇತ್ರಾ. “ಅಣ್ಣನ ಮ್ಯಾಲಿನ ಪ್ರೀತಿಗೆ ಹೆಸರ ಬಾಯಾಗ ಬಂತು ಅಂತ ಆಕ್ಕೈತಿ.”

“ಸಂಗು, ನಿನ್ನ ಅಂಗಡ್ಯಾಗ ಗ್ವಾಡಿ ತುಂಬ ಒಬ್ಬಾಕಿ ಹೀರೋಯಿನ್ ಫೋಟೋ ಹಚ್ಚೀದಿ,” ಎಂದಳು ನಂದಾ. “ಅಕಿ ಬಂದ್ರ ನೀನೂ ರಾಖಿ ಕಟ್ಟಿಸ್ಕೋತಿ?”

ಸಂಗು ಜೋರಾಗಿ ನಕ್ಕ. “ಯಪ್ಪಾ! ಗಂಡಸರದು ಬ್ಯಾರೆ ಬಿಡ್ರಿ ಮಾಮಿ.”

“ಬಾಯಿ ತಪ್ಪಿತು ಅಂತ ಬೇಕಾದ್ರ ಹೇಳತೀನಿ. ಅದು ಖರೇನ ಐತಿ. ರಾಖಿ ಬ್ಯಾಡ.”

“ಯಾಕ ಬ್ಯಾಡ?” ಗುರುಬಸವ್ವ ಕೇಳಿದಳು. “ಒಂದು ದಾರ ಕಟ್ಟಾಕ ಏನ್ ಧಾಡಿ ನಿನಗ?”

ಅಣ್ಣ ಎಂದುಬಿಟ್ಟರೆ ಮೂರು ವರ್ಷ ಆ ಕೊರಳನ್ನು ನೋಡಿದ್ದು ಯಾರು, ತಂಗಿಯೇ? ಈಗ ಅದು ಹೇಳಬಾರದ್ದು ಮಾತ್ರ. ಅಣ್ಣ ಎಂದ ಮೇಲೆ ಹೊಲಸಾಗುತ್ತಿತ್ತು. ತನ್ನ ಒಳಗೆ ಹೊಲಸೇನೂ ಇರಲಿಲ್ಲ ಎಂಬುದೊಂದೇ ಈ ಎಂಟು ದಿನ ಅವಳನ್ನು ನೆಟ್ಟಗೆ ನಿಲ್ಲಿಸಿತ್ತು. ಅದನ್ನೇ ಬಿಟ್ಟುಕೊಡು ಎಂದು ಇವರು ಕೇಳುತ್ತಿದ್ದರು.

ಚಂದ್ರಕಾಂತ ಅಷ್ಟು ಹೊತ್ತು ನೆಲ ನೋಡುತ್ತ ಕೂತಿದ್ದವನು, ತಲೆಯೆತ್ತದೆ ಅಂದ: “ನನ್ನ ಸಲುವಾಗಿಯರ ಹೋಗಿ ಬಾ.”

ಅವಳು ಹೂಂ ಎಂದಳು.

ಗುರುವಾರ ಸ್ಟೇಷನ್ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಂಪೌಂಡುಗಳ ಮೇಲೆಲ್ಲ ಹುಡುಗರು. ನಂದಾಳನ್ನು ಹೆಂಗಸರ ಸಾಲಿನಲ್ಲಿ ನಿಲ್ಲಿಸಿ, ಚಂದ್ರಕಾಂತ ರಸ್ತೆಯ ಆಚೆ ಗಾಡಿಯ ಬಳಿ ನಿಂತ. ಸಂಗು ವೇದಿಕೆಯ ಕೆಳಗೆ ಫೋನು ಎತ್ತಿ ಹಿಡಿದಿದ್ದ. ಅಂಗಡಿಯವರು ತಟ್ಟೆ ತುಂಬ ರಾಖಿ ಇಟ್ಟಿದ್ದರು, ಮೆಟ್ಟಿಲು ಹತ್ತುವಾಗ ಒಂದೊಂದು ಕೈಗೆ ಕೊಡುತ್ತಿದ್ದರು. ಅವಳ ಮುಂದಿದ್ದ ಕಾಲೇಜಿನ ಹುಡುಗಿ ಲಿಪ್‌ಸ್ಟಿಕ್ ತೀಡಿಕೊಂಡು, ಗೆಳತಿಯ ಕಿವಿಯಲ್ಲಿ ಏನೋ ಹೇಳಿ ಕಿಸಕ್ಕನೆ ನಕ್ಕು, ವೇದಿಕೆ ಹತ್ತಿದ ಕೂಡಲೇ ಗಂಭೀರಳಾಗಿ “ಅಣ್ಣಾ” ಎಂದು ಕಟ್ಟಿ ಇಳಿದಳು. ಎಲ್ಲರಿಗೂ ಇದು ಗೊತ್ತಿರುವ ದಾರಿಯೇ ಎಂದು ನಂದಾಳಿಗೆ ಅನಿಸಿತು.

ಮಿಹಿರ ಪರದೆಯಲ್ಲಿ ಕಂಡದ್ದಕ್ಕಿಂತ ಗಿಡ್ಡಗಿದ್ದ. ಮುಖದ ಪೌಡರು ಗದ್ದದ ಕೆಳಗೆ ಗೆರೆ ಎಳೆದಂತೆ ನಿಂತಿತ್ತು. ಗೆರೆಯ ಕೆಳಗಿನ ಕೊರಳು ಅದೇ ಕೊರಳು.

“ಬನ್ನಿ ಅಮ್ಮ,” ಎಂದ ಅವನು, ಆಗಲೇ ಅವಳ ಹಿಂದಿನವರತ್ತ ನೋಡುತ್ತ. ಮಣಿಕಟ್ಟಿನಿಂದ ಮೊಣಕೈವರೆಗೆ ರಾಖಿ ತುಂಬಿದ ಕೈ ಮುಂದೆ ಚಾಚಿತ್ತು.

ಅವಳು ಅವನ ಮಣಿಕಟ್ಟು ಹಿಡಿದಳು. ಬೆಚ್ಚಗೆ, ತುಸು ಒದ್ದೆಯಾಗಿತ್ತು. ದಾರಗಳ ನಡುವೆ ಸಿಕ್ಕಿಕೊಂಡ ರೋಮ, ಕೆಳಗೆ ನೀಲಿ ನರ. ಕೆಳಗಿನಿಂದ ಸಂಗು ಕೂಗುತ್ತಿದ್ದ, “ಕಟ್ರಿ ಮಾಮಿ! ಅಣ್ಣಾ ಅನ್ರಿ, ಜೋರಾಗಿ ಅನ್ರಿ!” ಅವಳು ಗಂಡನಿಗಾಗಿ ಬಾಯಿ ತೆರೆದಳು. ಗಾಡಿಯ ಬಳಿ ನಿಂತ ಚಂದ್ರಕಾಂತನ ಬಿಳಿ ಅಂಗಿ ಜನರ ನಡುವೆ ಕಾಣುತ್ತಲೂ ಇತ್ತು. ದನಿ ಬರಲಿಲ್ಲ.

“ಏನಾಯ್ತಮ್ಮ?” ಎಂದು ಮಿಹಿರ ಮೊದಲ ಸಲ ಅವಳ ಮುಖ ನೋಡಿದ. ಬಳಲಿದ ಕಣ್ಣು. ಅವನಿಗೆ ತಾನು ಯಾರೂ ಅಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಅದರಿಂದ ನೋವಾಗಲಿಲ್ಲ, ಆದರೂ ನೋಡಬಾರದಿತ್ತು ಎನಿಸಿತು.

“ಏನಿಲ್ರಿ,” ಎಂದಳು. ಕೈ ಬಿಟ್ಟಳು. ರಾಖಿಯನ್ನು ತಟ್ಟೆಗೆ ಹಾಕಿ ಇಳಿದಳು.

ಮರಳುವಾಗ ಅವಳು ಗಾಡಿಯ ಹಿಂದೆ ಕೂತು ಚಂದ್ರಕಾಂತನ ಭುಜ ಹಿಡಿಯದೆ ಸೀಟಿನ ಹಿಂದಿನ ಕಬ್ಬಿಣ ಹಿಡಿದಿದ್ದಳು. ದ್ರಾಕ್ಷಿ ತೋಟಗಳು ಶುರುವಾದಲ್ಲಿ ಅವನು ಗಾಡಿ ನಿಲ್ಲಿಸಿದ.

“ಮನ್ಯಾಗ ಕಟ್ಟೀನಿ ಅಂತ ಅನ್ನು. ಸಂಗೂಗ ನಾ ಹೇಳತೀನಿ, ವಿಡಿಯೋ ಸರಿ ಬಂದಿಲ್ಲ ಅಂತ ಹೇಳಲೇ ಅಂತೀನಿ.”

“ನೀವು ಸುಳ್ಳು ಹೇಳ್ತೀರಿ?”

“ಹೇಳತೀನಿ.” ಅವನು ಕೀಲಿಯನ್ನು ತಿರುಗಿಸುತ್ತ, ಗಾಡಿ ಚಾಲೂ ಮಾಡದೆ, ರಸ್ತೆಯನ್ನೇ ನೋಡುತ್ತ ಕೇಳಿದ: “ಖರೇ ಹೇಳು. ಏನ್ ಕಂಡಿ ಅವನೊಳಗ?”

ಒಳ್ಳೆಯತನ ಎನ್ನಬಹುದಿತ್ತು. ಹೆಂಡತಿಯನ್ನು ನೋಡಿಕೊಳ್ಳುವ ರೀತಿ ಎನ್ನಬಹುದಿತ್ತು. ಅವನು ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಹಾಗಾಗಿ ಅವಳು ನಿಜವನ್ನೇ ಹೇಳಿದಳು.

“ಕೊರಳು.”

ಚಂದ್ರಕಾಂತನ ಕೈ ತನ್ನ ಕಾಲರಿನತ್ತ ಹೋಗಿ ಅರ್ಧಕ್ಕೇ ನಿಂತಿತು. ಅವನು ಗಾಡಿ ಚಾಲೂ ಮಾಡಿದ.

ಗುರುಬಸವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ನೇತ್ರಾ ಬಬಲೇಶ್ವರದಿಂದ ಎರಡು ಸಲ ಫೋನು ಮಾಡಿದ್ದಳಂತೆ. ಚಂದ್ರಕಾಂತ ಚಪ್ಪಲಿ ಬಿಡುತ್ತ, “ಕಟ್ಟಿದ್ಲು,” ಎಂದ.

“ಚಲೋ ಆತು ಯಪ್ಪಾ. ಒಂದು ದೊಡ್ಡ ಚಿಂತಿ ಹೋತು.” ಮುದುಕಿ ಸೊಸೆಯ ಬೆನ್ನು ಸವರಿದಳು. “ಇದರಾಗ ಏನಿತ್ತು ಹೇಳು? ಎಲ್ಲಾರಿಗೂ ಮನಸ ಇರ್ತೈತಿ, ಬಾಯಾಗ ಬರಬಾರದು ಅಷ್ಟ. ಅಣ್ಣ ಅಂದಿ, ತೀರಿತು.”

ಬೆನ್ನಿನ ಮೇಲಿನ ಆ ಕೈ ಇಷ್ಟು ದಿನಗಳ ಮೇಲೆ ಯಾರೋ ಅವಳನ್ನು ಮುಟ್ಟಿದ್ದು. ಹಾಗೇ ನಿಂತಿದ್ದರೆ ಸಾಕಿತ್ತು.

“ಇಲ್ರಿ ಅತ್ತಿ,” ಎಂದಳು ನಂದಾ. “ಕಟ್ಟಿಲ್ಲ. ಅಣ್ಣ ಅಂದಿಲ್ಲ.”

ಗುರುಬಸವ್ವನ ಕೈ ಸರಿಯಿತು. ಚಂದ್ರಕಾಂತ ತಿರುಗಿ ಅವಳನ್ನು ನೋಡಿದ. ಅವನು ತನಗಾಗಿ ಹೇಳಿದ ಒಂದೇ ಒಂದು ಸುಳ್ಳನ್ನು ತಾನು ಅವನ ಕಾಲ ಬಳಿ ಬಿಸಾಡಿದೆ ಎಂದು ಅವಳಿಗೆ ಆಗ ಹೊಳೆಯಿತು. ವಾಪಸು ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ಎತ್ತಿಕೊಳ್ಳಲು ಅವಳಿಗೆ ಮನಸ್ಸೂ ಇರಲಿಲ್ಲ.

ಯಾರೂ ಬೈಯಲಿಲ್ಲ. ಬೈಗುಳಕ್ಕೆ ಅವಳು ತಯಾರಾಗಿದ್ದಳು, ಅಡುಗೆ ಮಾಡುವಾಗಲೂ ಕಾಯುತ್ತಿದ್ದಳು. ಊಟಕ್ಕೆ ಬಡಿಸಿದಾಗ ಉಂಡರು. ಪಲ್ಯ ಬೇಕೇ ಎಂದರೆ ಸಾಕು ಎಂದರು. ನೇತ್ರಾ ಫೋನು ಮಾಡಿದರೆ ಅತ್ತೆ ಅಂಗಳಕ್ಕೆ ಹೋಗಿ ಮಾತಾಡಿದಳು.

ಮರುದಿನದಿಂದ ಏಳೂವರೆಗೆ ಎಲ್ಲರಿಗೂ ಏನಾದರೊಂದು ಕೆಲಸ ಬರತೊಡಗಿತು. ಮೂರು ವರ್ಷ ಒಂದು ದಿನವೂ ತಪ್ಪಿಸದ ಗುರುಬಸವ್ವ ಆ ಹೊತ್ತಿಗೆ ಜಪಮಾಲೆ ಹಿಡಿದು ಒಳಗಿನ ಕೋಣೆಯಲ್ಲಿ ಕೂರುತ್ತಾಳೆ. ಚಂದ್ರಕಾಂತ ಅಂಗಡಿಯಿಂದ ಬರುವುದೇ ಎಂಟರ ಮೇಲೆ. ಟಿ.ವಿ. ಹಾಕಬೇಡ ಎಂದು ಯಾರೂ ಹೇಳಿಲ್ಲ. ಅವಳು ಹಾಕುತ್ತಾಳೆ. ಅತ್ತೆ ಏನು ತಿಳಿದಾಳೆಂದು ಮುಖ ಬಿಗಿಹಿಡಿಯುವ, ಕಣ್ಣು ಕೆಳಗಿಳಿಸುವ ಅಗತ್ಯ ಈಗಿಲ್ಲ. ನಡುಮನೆ ಪೂರ್ತಿ ಅವಳದೇ. ಬೇಕಾದಷ್ಟು ಹೊತ್ತು, ಬೇಕಾದ ಹಾಗೆ ನೋಡಬಹುದು. ನೋಡುತ್ತಾಳೆ. ನಡುವೆ ಜಾಹೀರಾತು ಬಂದಾಗ, ಅಯ್ಯ, ಇವತ್ತು ಎಷ್ಟು ಸ್ವಲ್ಪ ತೋರಿಸಿದರು ಎಂದು ಅತ್ತೆ ಕೂರುತ್ತಿದ್ದ ಪಕ್ಕಕ್ಕೆ ತಿರುಗುತ್ತಾಳೆ, ಮತ್ತೆ ಮುಂದೆ ನೋಡುತ್ತಾಳೆ.