ಒಂಬತ್ತು ಕಾಳಿನ ದಾರಿ

ಮೂರು ವಾರದಿಂದ ಬಿಜಿವೇಕಿ ಮಾವ ಈ ಅಂಗಳದ ಕಡೆ ಸುಳಿದಿರಲಿಲ್ಲ. ಎನೆಲೆಸಿಗೆ ಅದು ಹೊಳೆದದ್ದು ಬುಧವಾರ ಬೆಳಗ್ಗೆ, ಮೆಕ್ಕೆಜೋಳ ಕುಟ್ಟಿ ತೋಳು ಸೋತು, ಒನಕೆಗೆ ಆತುಕೊಂಡು ನಿಂತಾಗ. ದಿನಾ ಬಿಸಿಲೇರುವ ಮೊದಲು ಕೋಲೂರಿಕೊಂಡು ಬಂದು, "ಎಲ್ಲಾ ಬದುಕಿದ್ದೀರೇನ್ರೇ?" ಅಂತ ಕೇಳಿ, ಒಂದು ಸುಟ್ಟ ಗೆಣಸು ತಿಂದು ಹೋಗುತ್ತಿದ್ದ ಮನುಷ್ಯ ಅವನು. ಅವಳ ತಾಯಿಯ ಅಣ್ಣ. ಕಲೆಂಬೊ ಹಳ್ಳಿಯಲ್ಲಿ ಆ ಮನೆತನದ ಹೆಣ್ಣುಮಕ್ಕಳಿಗೆಲ್ಲ ಅವನೇ ಹಿರಿಯ.

ಶನಿವಾರ ಲಾರಿ ಬರುವುದಿತ್ತು. ಮಲಾವಿಯ ಗಡಿ ದಾಟಿ, ಮೊಜಾಂಬಿಕ್‌ನ ಒಳನಾಡಿನ ಮಾಕುವಾ ಜನರ ನಡುವೆ ಸುವಾರ್ತೆ ಸಾರಲು ಚರ್ಚಿನ ಸಭೆಯವರು ಎನೆಲೆಸಿಯನ್ನೂ ಅವಳ ಗಂಡ ಜಾಕೆಯೊನನ್ನೂ ಕಳಿಸುವವರಿದ್ದರು. ಎರಡು ವರ್ಷದ ತಯಾರಿ ಅದು. ನಸುಕಿನಲ್ಲಿ ಹೊಲ ಅಗೆದು, ಆರು ಮೈಲಿ ನಡೆದು ಬೈಬಲ್ ಶಾಲೆಗೆ ಹೋಗುವುದು. ಸಂಜೆ ಒಲೆ ಮುಂದೆ ಹೊಗೆ ಕುಡಿಯುತ್ತ ಮಾಕುವಾ ಮಾತಿನ ಬಾಯಿಪಾಠ. ನಡುವೆ ಚುಚ್ಚುಮದ್ದು, ಜ್ವರ. ಕೊನೆಗೆ ಏಳು ಊರುಗಳಲ್ಲಿ ಬೀಳ್ಕೊಡುಗೆ. ಎಲ್ಲ ಕಡೆಯೂ ಎದ್ದು ನಿಂತು ಹಾಡಬೇಕು, ನಗಬೇಕು. ನಕ್ಕು ನಕ್ಕು ಅವಳ ದವಡೆ ನೋಯುತ್ತಿತ್ತು. ಹಾಗಂತ ಯಾರೋ ಹೊರಿಸಿದ ಹೊರೆಯಲ್ಲ ಅದು. ಹೋಗುವ ಮನಸ್ಸು ಗಂಡನಿಗಿಂತ ಮೊದಲು ಹುಟ್ಟಿದ್ದು ಅವಳಲ್ಲೇ. ಮೈ ಮಾತ್ರ ಇನ್ನು ಆಗದು ಅನ್ನುತ್ತಿತ್ತು.

"ಅವ್ವಾ, ಬಿತ್ತನೆ ಬೀಜ ಕಟ್ಟಿಟ್ಯಾ?"

ತಾಯಿ ನಫಿರಿ ಮೊರದಿಂದ ಕಣ್ಣೆತ್ತಲಿಲ್ಲ. "ಬೀಜ ಎಲ್ಲಿಗೆ ಓಡಿಹೋಗ್ತದೆ? ಕಣಜದಲ್ಲೇ ಇದೆ."

"ಮಾವ ಯಾಕೆ ಬರ್ತಿಲ್ಲ?"

"ಮೊಣಕಾಲು ನೋವಂತೆ."

"ಭಾನುವಾರ ಆರಾಧನೆಗೆ ನಡಕೊಂಡೇ ಬಂದಿದ್ನಲ್ಲ?"

"ದೇವರ ಮನೆಗೆ ಹೋಗೋ ಮೊಣಕಾಲೇ ಬೇರೆ, ತಂಗಿ ಮನೆಗೆ ಬರೋ ಮೊಣಕಾಲೇ ಬೇರೆ." ನಫಿರಿ ಮೊರ ಕೆಳಗಿಟ್ಟಳು. "ಅವನ ಮನೆಗೆ ಕೋಳಿ ಹೋಯ್ತಾ?"

ಕೋಳಿ ಹೋಗಿರಲಿಲ್ಲ. ಎನೆಲೆಸಿ ಒನಕೆ ಕೆಳಗಿಟ್ಟಳು.

ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಬಂದು, ಅಲ್ಲೇ ಮನೆ ಕಟ್ಟಿ, ಅಲ್ಲೇ ಗುದ್ದಲಿ ಹಿಡಿಯುವುದು ಅವರ ಪದ್ಧತಿ. ಅವಳನ್ನು ಬೇರೆ ಕಡೆ ಒಯ್ಯಬೇಕಾದರೆ ಒಂದು ಕೋಳಿ ಹಿಡಿದು ಸೋದರಮಾವನ ಮುಂದೆ ಕೂತು ಕೇಳಬೇಕು. ಕೇಳಿ ಒಯ್ದರೆ, ಅಲ್ಲಿ ಅವಳಿಗೆ ಏನಾದರೂ ಆದಾಗ ಎದ್ದು ಹೋಗಿ ಕರೆತರುವುದು ಮಾವನ ಹೊಣೆ. ಕೇಳದೆ ಒಯ್ದರೆ ಅವಳ ಹಿಂದೆ ಯಾರೂ ಇಲ್ಲ. ಬಿಜಿವೇಕಿಯ ಕಿರಿಯ ತಂಗಿ ಫಲೇಸಿಯನ್ನು ಅವಳ ಗಂಡ ಹಾಗೇ, ಕೋಳಿ ಕೊಡದೆ, ದಕ್ಷಿಣದ ತಂಬಾಕು ತೋಟಕ್ಕೆ ಕರಕೊಂಡು ಹೋಗಿದ್ದ. ಅವಳು ಹಾಸಿಗೆ ಹಿಡಿದ ಸುದ್ದಿ ಬಂದಾಗ ಬಿಜಿವೇಕಿ ಇಪ್ಪತ್ತರ ಹುಡುಗ, ಹೊರಟು ನಿಂತಿದ್ದ. ಹಿರಿಯರು ಬಿಡಲಿಲ್ಲ. ಅವಳನ್ನು ಎಲ್ಲಿ ಹೂತರೋ ಇವತ್ತಿಗೂ ಗೊತ್ತಿಲ್ಲ.

ಸಂಜೆ ಜಾಕೆಯೊ ಪಂಕ್ಚರಾದ ಸೈಕಲ್ ತಳ್ಳಿಕೊಂಡು ಬಂದ. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಅವನು ನೀರು ಕುಡಿದು ಮುಗಿಸುವವರೆಗೆ ಕಾದು ಅವಳು ವಿಷಯ ಹೇಳಿದಳು.

"ಕೋಳಿನಾ?" ಅವನು ಹೊಸ್ತಿಲ ಮೇಲೆ ಕುಸಿದು ಕೂತ. "ಪಾದ್ರಿಗಳು ನಮ್ಮನ್ನ ಕಳಿಸೋ ಪತ್ರ ಓದಿದಾಗ ನಿನ್ನ ಮಾವನೇ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದ್ನಲ್ಲೇ!"

"ಅದು ಸಭೇಲಿ."

"ದೇವರನ್ನ ಕೇಳಿದ್ದಾಯ್ತು, ಪಾದ್ರಿಗಳನ್ನ ಕೇಳಿದ್ದಾಯ್ತು, ಕಮಿಟಿನ ಮೂರು ಸಲ ಕೇಳಿದ್ದಾಯ್ತು. ಇನ್ನು ಕೋಳಿ ಹಿಡ್ಕೊಂಡು ಬೇರೆ ಕೇಳ್ಬೇಕಾ? ನನಗೆ ಸಾಕಾಗಿದೆ, ಎನೆಲೆಸಿ."

"ನನಗೂ ಸಾಕಾಗಿದೆ. ಆದ್ರೆ ಫಲೇಸಿ ಚಿಕ್ಕಮ್ಮನ ಹಾಗೆ ನಾನು ಹೋಗಲ್ಲ. ಲಾರಿ ಬಂದ್ರೆ ನೀವೊಬ್ರೇ ಹತ್ತಿ."

ಅವನು ಅವಳ ಮುಖ ನೋಡಿದ. ಎದ್ದು ಸೈಕಲ್ಲಿನ ಪಂಕ್ಚರ್ ಹಾಕಲು ಕೂತ.

ಅವರ ಮನೆಯ ಕೋಳಿಗಳೆಲ್ಲ ಬೀಳ್ಕೊಡಲು ಬಂದವರ ಹೊಟ್ಟೆ ಸೇರಿದ್ದವು. ಹಾಗಾಗಿ ಗುರುವಾರ ಜಾಕೆಯೊ ಪೇಟೆಗೆ ಹೋಗಿ, ಸಿಕ್ಕಿದ್ದನ್ನು ಕಂಕುಳಲ್ಲಿ ಇರುಕಿಕೊಂಡು ಬಿಜಿವೇಕಿಯ ಅಂಗಳದಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸಿದ. ಎನೆಲೆಸಿ ತಾಯಿಯ ಜೊತೆ ಕಣಜದ ನೆರಳಲ್ಲಿ ಚಾಪೆ ಮೇಲೆ ಕೂತಳು. ಹೆಣ್ಣುಮಕ್ಕಳು ಇಂಥ ಕಡೆ ಬಾಯಿ ಬಿಡುವಂತಿಲ್ಲ.

ಮುದುಕ ಕೋಳಿಯನ್ನು ನೋಡಿದ. ಬೆಳ್ಳಗೆ ಉಬ್ಬಿಕೊಂಡ ಫಾರಂ ಕೋಳಿ.

"ಇದೇನಪ್ಪಾ ಅಳಿಯ, ದಿಂಬು ತಂದಿದ್ದೀಯ?"

ನಫಿರಿ ನಗು ತಡೆಯಲು ಮೈಬಟ್ಟೆಯ ತುದಿಯನ್ನು ಬಾಯಿಗೊತ್ತಿಕೊಂಡಳು.

"ಕೋಳಿ, ಮಾವ."

"ಬಿಡು ನೋಡೋಣ ಕೆಳಗೆ."

ಬಿಟ್ಟ. ಕೋಳಿ ಎರಡು ಹೆಜ್ಜೆ ಇಟ್ಟು ಅಲ್ಲೇ ಕೂತುಬಿಟ್ಟಿತು. ಪಕ್ಕದಲ್ಲೇ ಜೋಳದ ನುಚ್ಚು ಬಿದ್ದಿತ್ತು. ಊರ ಹುಂಜ ಬಂದು ಅದರ ಕೊಕ್ಕಿನಡಿಯಿಂದಲೇ ಹೆಕ್ಕಿ ತಿಂದು ಹೋಯಿತು.

"ಕೆದಕಿ ತಿನ್ನೋಕೂ ಬರಲ್ಲ ಇದಕ್ಕೆ. ನೀನೂ ಅಲ್ಲಿ ಹೀಗೇ ಕೂತಿರ್ತೀಯಾ? ಸಭೆಯವರು ಬಾಯಿಗೆ ಹಾಕೋವರೆಗೂ?"

"ಗುದ್ದಲಿ ತಗೊಂಡು ಹೋಗ್ತಿದ್ದೀನಿ, ಮಾವ." ಜಾಕೆಯೊನ ದನಿ ಸಣ್ಣದಾಯಿತು. "ತಪ್ಪಾಯ್ತು. ನೀವು ಅವತ್ತು ಆಮೆನ್ ಅಂದ್ರಿ, ಅದೇ ಒಪ್ಪಿಗೆ ಅಂದ್ಕೊಂಡೆ."

"ಅಲ್ಲಿ ಆಮೆನ್ ಅಂದೋನು ಸಭೆಯ ಹಿರಿಯ. ಈ ಅಂಗಳದಲ್ಲಿ ಮೂರು ವಾರದಿಂದ ಕಾಯ್ತಾ ಕೂತಿರೋನು ಸೋದರಮಾವ. ಇವನ ಹತ್ರ ಯಾರು ಬಂದಿದ್ರು?" ಬಿಜಿವೇಕಿ ಮೊಣಕಾಲು ತಿಕ್ಕಿಕೊಂಡ. ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು ಅವನ ಮುಖದಲ್ಲಿ. "ಇರ್ಲಿ. ಬಂದ್ಯಲ್ಲ. ದಾರಿ ಹೇಳು."

"ಯಾವ ದಾರಿ?"

"ನನ್ನ ಮಗಳನ್ನ ಒಯ್ಯೋ ದಾರಿ. ಕರೆ ಬಂದ್ರೆ ನಾನು ಬರ್ಬೇಕಲ್ಲ, ಯಾವ ಊರು ದಾಟಿ ಯಾವ ಊರು?"

"ಲಾರಿಯವನಿಗೆ ಗೊತ್ತು, ಮಾವ."

"ಹಾಗಾದ್ರೆ ಲಾರಿಯವನಿಗೇ ಕೊಡ್ಲಾ ಹೆಣ್ಣನ್ನ?" ಮುದುಕ ಕೋಲನ್ನು ನೆಲಕ್ಕೂರಿದ. "ಫಲೇಸಿಗೆ ಕಾಯಿಲೆ ಅಂದಾಗ ಹಿರಿಯರು ಬೇಡ ಅಂದದ್ದು ನಿಜ. ಆದ್ರೆ ಅವತ್ತು ಸಂಜೆ ನಾನು ಕದ್ದು ಹೊರಟಿದ್ದೆ. ದಾರಿ ಕೂಡೋ ಕಡೆವರೆಗೂ ಹೋದೆ. ಅಲ್ಲಿಂದ ಯಾವ ಕಡೆ ಅಂತ ಗೊತ್ತಿರ್ಲಿಲ್ಲ. ವಾಪಸ್ ಬಂದೆ." ಈ ಮಾತು ಅಷ್ಟು ವರ್ಷದಲ್ಲಿ ನಫಿರಿಯೂ ಕೇಳಿರಲಿಲ್ಲ. "ದಾರಿ ತಿಳ್ಕೊಂಡು ಬಾ. ಆಮೇಲೆ ಒಪ್ಪಿಗೆ ಮಾತು."

ಶುಕ್ರವಾರ ಇಡೀ ದಿನ ಜಾಕೆಯೊ ಲಾರಿ ನಿಲ್ಲುವ ಕಡೆ ಡ್ರೈವರುಗಳ, ಒಣಮೀನು ಮಾರುವ ಹೆಂಗಸರ ಬೆನ್ನು ಬಿದ್ದ. ಎನೆಲೆಸಿ ಅರ್ಧ ಕಟ್ಟಿದ ಗಂಟುಗಳ ನಡುವೆ ಕೂತು ದಾರಿ ಕಾದಳು. ಗಂಟು ಬಿಗಿಯಲೂ ಕೈ ಬರಲಿಲ್ಲ, ಬಿಚ್ಚಲೂ ಬರಲಿಲ್ಲ. ಹೊತ್ತು ಇಳಿಯುವಾಗ ಅವನು ಧೂಳು ಮೆತ್ತಿಕೊಂಡು ಬಂದ. ಇಬ್ಬರೂ ನೇರ ಮಾವನ ಅಂಗಳಕ್ಕೆ ಹೋದರು.

"ಬರೆದು ತಂದಿದ್ದೀನಿ, ಮಾವ."

"ನನಗೆಲ್ಲಿ ಓದೋಕೆ ಬರ್ತದೆ? ಒಂದೊಂದೇ ಹೇಳು." ಬಿಜಿವೇಕಿ ಒಂದು ಹಿಡಿ ಮೆಕ್ಕೆಜೋಳ ತಗೊಂಡ.

"ಗೊಲೊಮೋಟಿ." ಚಾಪೆ ಮೇಲೆ ಒಂದು ಕಾಳು. "ಮಂಗೋಚಿ. ನಮ್ವೇರಾ. ಚಿಪೊಂಡೆ, ಅಲ್ಲಿ ಗಡಿ. ಮಂದಿಂಬಾ. ಕ್ವಾಂಬಾ..." ಒಂಬತ್ತು ಕಾಳು ಸಾಲಾಗಿ ಕೂತವು. ಮುದುಕ ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದ. ತಪ್ಪಿದ. ಮತ್ತೆ ಮೊದಲಿಂದ ಹೇಳಿದ. ನಾಲ್ಕನೇ ಸಲಕ್ಕೆ ಒಂಬತ್ತೂ ಸರಿಯಾಗಿ ಬಂದವು. ಕಾಳುಗಳನ್ನು ಬಟ್ಟೆಯ ತುದಿಗೆ ಕಟ್ಟಿಕೊಂಡ.

"ಹೋಗು ಮಗಳೇ," ಅಂದ. "ಕರೆದ್ರೆ ಬರ್ತೀನಿ. ಈ ಕಾಲಲ್ಲಿ ನಿಧಾನ ಆದೀತು. ಬರ್ತೀನಿ."

ನಫಿರಿ ಎದ್ದು ಬೀಜ ಕಟ್ಟಲು ಹೋದಳು. ಫಾರಂ ಕೋಳಿ ಹೊಸ್ತಿಲಲ್ಲೇ ಕೂತಿತ್ತು. ಅದನ್ನು ದಾಟಿಕೊಂಡೇ ಎಲ್ಲರೂ ಓಡಾಡಬೇಕಾಯಿತು.

ಲಾರಿಯಲ್ಲಿ ಎನೆಲೆಸಿ ಒಂದೊಂದು ಊರು ಬಂದಾಗಲೂ ಬೆರಳು ಮಡಚಿದಳು. ಜಾಕೆಯೊ ಮೂಟೆಗಳ ಮೇಲೆ ಬಾಯಿ ತೆರೆದು ಮಲಗಿದ್ದ. ಭಾನುವಾರ ಮಧ್ಯಾಹ್ನ, ಮಂದಿಂಬಾ ದಾಟಿದ ಮೇಲೆ, ಒಂದು ಹೊಳೆ ಎದುರಾಯಿತು. ಹಿಂದಿನ ರಾತ್ರಿಯಷ್ಟೇ ಸೇತುವೆ ಕುಸಿದಿತ್ತಂತೆ. ಲಾರಿಗಳೆಲ್ಲ ಹಾಳು ಬಿದ್ದ ಹಿಟ್ಟಿನ ಗಿರಣಿಯ ಹತ್ತಿರ ಎಡಕ್ಕೆ ತಿರುಗಿ, ಕೆಳಗಿನ ಕಚ್ಚಾದಾರಿ ಹಿಡಿಯುತ್ತಿದ್ದವು.

ಇದು ಒಂಬತ್ತರಲ್ಲಿ ಇರಲಿಲ್ಲ.

ಕಣ್ಣು ಎಳೆಯುತ್ತಿತ್ತು, ಕಾಲು ಮರಗಟ್ಟಿತ್ತು. ಆದರೂ ಇಳಿದಳು. ಎದುರಿಂದ ಬಂದು ನಿಂತ ಲಾರಿಯಲ್ಲಿ ಖಾಲಿ ಬುಟ್ಟಿಗಳ ನಡುವೆ ಒಣಮೀನಿನ ಹೆಂಗಸೊಬ್ಬಳು ಕೂತಿದ್ದಳು. ಕಲೆಂಬೊ ಸಂತೆಯಲ್ಲಿ ಕಂಡಿದ್ದ ಮುಖ. ಎನೆಲೆಸಿ ಬೀಜದ ಗಂಟು ಬಿಚ್ಚಿ, ಒಂದು ಕೆಂಪು ಹುರುಳಿಕಾಯಿ ಬೀಜ ತೆಗೆದು ಅವಳ ಅಂಗೈಗಿಟ್ಟಳು.

"ಅಕ್ಕಾ, ಇದನ್ನ ಕಲೆಂಬೊದ ಬಿಜಿವೇಕಿಗೆ ಕೊಡಿ."

"ಒಂದೇ ಕಾಳಾ? ಬೇಯಿಸಿದ್ರೆ ಹಲ್ಲಿನ ಸಂದಿಗೂ ಸಾಲ್ದಲ್ಲೇ, ತಾಯಿ!"

"ಬೇಯಿಸೋಕಲ್ಲ. ಐದನೇ ಕಾಳಿಗೂ ಆರನೇ ಕಾಳಿಗೂ ಮಧ್ಯ ಇಡ್ಬೇಕಂತೆ ಅನ್ನಿ. ಸೇತುವೆ ಬಿದ್ದಿದೆ, ಹಾಳು ಗಿರಣಿ ಹತ್ರ ಎಡಕ್ಕೆ ಅನ್ನಿ."

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಐದಕ್ಕೂ ಆರಕ್ಕೂ ಮಧ್ಯ. ಗಿರಣಿ ಹತ್ರ ಎಡಕ್ಕೆ," ಅಂದು ಕಾಳನ್ನು ಸೊಂಟದ ಬಟ್ಟೆಗೆ ಗಂಟು ಹಾಕಿಕೊಂಡಳು.

ಎನೆಲೆಸಿ ಮತ್ತೆ ಲಾರಿ ಹತ್ತಿದಳು. ಗಂಡನ ಪಕ್ಕದ ಮೂಟೆಗೆ ತಲೆ ಆನಿಸಿದಳು. ಲಾರಿ ಎಡಕ್ಕೆ ತಿರುಗುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.