ಅಕ್ಕನ ಉಲ್ಟಾ ಸ್ವೆಟರು

ಡ್ರೈವಿಂಗ್ ಮೇಷ್ಟ್ರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಕೊರತೆ: ಅವರ ಮಾತನ್ನು ಯಾರೂ ಪೂರ್ತಿ ಕೇಳಿರಲಿಲ್ಲ. ಕೇಳುವವರದ್ದೂ ತಪ್ಪಲ್ಲ ಬಿಡಿ. ಕಲಿಯುವವನು ಕಾರನ್ನು ಸೀದಾ ಗೋಡೆಯ ಕಡೆಗೆ ಬಿಡುತ್ತಿರುವಾಗ ಪಕ್ಕದಲ್ಲಿ ಕೂತವರು ಉದ್ದನೆಯ ವಾಕ್ಯ ಆಡುವುದಾದರೂ ಹೇಗೆ? "ಕ್ಲಚ್ಚು", "ಬ್ರೇಕು", "ಕನ್ನಡಿ ನೋಡ್ರೀ", "ಅಯ್ಯೋ" - ಇಷ್ಟರಲ್ಲೇ ಅವರ ಅರ್ಧ ಆಯಸ್ಸು ಸವೆದಿತ್ತು. ಕಲಿಯುವವನು ಮರೆತಾಗ ಒತ್ತಲೆಂದು ಅವರ ಕಾಲಡಿಯಲ್ಲೂ ಒಂದು ಬ್ರೇಕು ಇತ್ತು. ಆ ಅಭ್ಯಾಸ ಎಷ್ಟು ಮೈಗೆ ಹತ್ತಿತ್ತೆಂದರೆ, ಮನೆಯಲ್ಲಿ ಅಕ್ಕನ ಕೈಯಿಂದ ಹಾಲಿನ ಪಾತ್ರೆ ಜಾರಿದರೂ ಇವರ ಬಲಗಾಲು ನೆಲ ಒತ್ತುತ್ತಿತ್ತು. ಹಾಲೇನೂ ನಿಲ್ಲುತ್ತಿರಲಿಲ್ಲ.

ಇಂಥ ಮೇಷ್ಟ್ರಿಗೆ ಕಥಾಕೂಟದ ವಿಷಯ ತಿಳಿದದ್ದು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಮಲಗಿದ್ದಾಗ. ಡಾಕ್ಟರು ಹಲ್ಲು ಕೊರೆಯುತ್ತಲೇ ಹೇಳಿದರು: ಭಾನುವಾರ ಸಂಜೆ ಇದೇ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೆಲವರು ಸೇರುತ್ತಾರೆ, ಒಬ್ಬರು ತಮ್ಮ ಕಥೆ ಓದುತ್ತಾರೆ, ಉಳಿದವರು ಕೊನೆಯವರೆಗೂ ತುಟಿ ಪಿಟಕ್ಕೆನ್ನದೆ ಕೇಳುತ್ತಾರೆ. "ಕೊನೆಯವರೆಗೂ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರ ಹಲ್ಲುನೋವು ಹಾರಿಹೋಯಿತು. ಬಾಯಿ ತುಂಬ ಹತ್ತಿ ಇದ್ದುದರಿಂದ ಕಣ್ಣಲ್ಲೇ ಒಪ್ಪಿಗೆ ಕೊಟ್ಟರು.

ಆದರೆ ಕೂಟಕ್ಕೆ ಸೇರುವುದು ಸುಲಭವಿರಲಿಲ್ಲ. ಹೊಸಬರು ಒಂದು ಕಥೆ ಓದಬೇಕು, ಇರುವ ಸದಸ್ಯರೆಲ್ಲ ಹೂಂ ಅನ್ನಬೇಕು. ಒಬ್ಬರು ಅಡ್ಡಡ್ಡ ತಲೆಯಾಡಿಸಿದರೂ ಮುಗಿಯಿತು, ಬಂದ ದಾರಿಗೆ ಸುಂಕವಿಲ್ಲ.

ಮೇಷ್ಟ್ರು ಬಹಳ ಯೋಚಿಸಿ ಅಕ್ಕನ ಬಗ್ಗೆ ಬರೆದರು. ಹೆಂಡತಿ ತೀರಿಕೊಂಡ ಮೇಲೆ ಮನೆ ಹಿಡಿದು ನಡೆಸಿದವಳು ಅಕ್ಕನೇ. ಮರದ ಡಿಪೋದಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು, ಮಾತು ಕಮ್ಮಿ. ಅವಳ ವಿಶೇಷವೆಂದರೆ ಒಂದೇ: ಚಿಕ್ಕಂದಿನಿಂದ ಸ್ವೆಟರನ್ನು ಉಲ್ಟಾ ಹಾಕಿಕೊಳ್ಳುತ್ತಾಳೆ. ಹೊಲಿಗೆಯೆಲ್ಲ ಹೊರಗೆ, ಕತ್ತಿನ ಹಿಂದೆ ಲೇಬಲ್ಲು ನಾಲಿಗೆ ಚಾಚಿಕೊಂಡಿರುತ್ತದೆ. ಅಮ್ಮ ಇದ್ದಷ್ಟು ದಿನವೂ "ಊರಿಗೊಂದು ದಾರಿಯಾದ್ರೆ ಪೋರಿಗೊಂದು ದಾರಿ" ಎಂದು ಗೊಣಗಿದಳು. ಮನೆಯ ಫೋಟೋಗಳಲ್ಲಿ ಎಲ್ಲರೂ ನೆಟ್ಟಗೆ, ಅಕ್ಕ ಮಾತ್ರ ಒಳಮೈ ಹೊರಗೆ. ಕಾರಣ ಇಡೀ ಬಳಗಕ್ಕೆ ಗೊತ್ತಿತ್ತು: ಹೊಲಿಗೆ ಚುಚ್ಚುತ್ತದೆ. ಮೇಷ್ಟ್ರು ಅಷ್ಟನ್ನೇ ಬರೆದರು. ಒಬ್ಬಳು ಹೆಂಗಸು, ಒಂದು ಬೂದು ಸ್ವೆಟರು, ಚುಚ್ಚುವ ಹೊಲಿಗೆ.

ಭಾನುವಾರ ಓದಿ ಮುಗಿಸಿದಾಗ ಕೋಣೆ ಗಪ್‌ಚಿಪ್. ಗೋಡೆಯ ಮೇಲಿನ ದವಡೆಯ ಚಿತ್ರ ಮಾತ್ರ ಹಲ್ಲು ಕಿರಿಯುತ್ತಿತ್ತು. ಆಮೇಲೆ ಸದಸ್ಯರಲ್ಲೊಬ್ಬರಾದ ನಿವೃತ್ತ ಹೆಡ್‌ಮೇಡಂ ಕಣ್ಣು ಮುಚ್ಚಿಕೊಂಡೇ ಅಂದರು, "ಸ್ವಂತಿಕೆ."

"ಸ್ವಂತಿಕೆ," ಅಂದರು ಡಾಕ್ಟರು.

"ಸ್ವಂತಿಕೆ," ಅಂದರು ಇನ್ಶೂರೆನ್ಸಿನವರು. ಉಳಿದವರೂ ಕೋಲೆಬಸವನ ಹಾಗೆ ತಲೆಯಾಡಿಸಿದರು. ಎಲ್ಲರ ಹಾಗೆ ಇರಬಾರದು ಎಂಬ ವಿಷಯದಲ್ಲಿ ಆ ಕೂಟದಲ್ಲಿ ಎಲ್ಲರದ್ದೂ ಒಂದೇ ಅಭಿಪ್ರಾಯ.

"ನೋಡಿ," ಎಂದು ಮೇಡಂ ಬಿಡಿಸಿ ಹೇಳಿದರು, "ಸ್ವೆಟರು ಅಂದ್ರೆ ಸಮಾಜ. ಅದು ಕೊಟ್ಟ ಅಳತೆಗೆ ನಾವೆಲ್ಲ ಮೈ ತೂರಿಸ್ತೀವಿ. ನಿಮ್ಮ ನಾಯಕಿ ಅದನ್ನ ತಿರುಗಿಸಿ ಹಾಕ್ಕೊಂಡು, ನಾನು ನಿಮ್ಮ ಹಾಗಲ್ಲ ಅಂತಾಳೆ. ಎಂಥಾ ಸಂಕೇತ!"

"ಇಲ್ಲ ಮೇಡಂ," ಅಂದರು ಮೇಷ್ಟ್ರು. "ಹೊಲಿಗೆ ಚುಚ್ಚುತ್ತೆ, ಅದಕ್ಕೇ."

"ಅದು ನೀವು ಹೇಳೋದು. ಕಥೆ ಬೇರೆ ಹೇಳ್ತಿದೆ."

"ಕಥೆ ಬರೆದಿದ್ದು ನಾನೇ ಅಲ್ವಾ?"

"ಅದೇ ತೊಂದರೆ ಆಗಿರೋದು," ಎಂದು ಮೇಡಂ ಕನಿಕರದಿಂದ ನಕ್ಕರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಂದು ಮೇಷ್ಟ್ರಿಗೆ ಒಳಗೊಳಗೇ ಅನ್ನಿಸಿತು. ಆದರೆ ಬಾಯಿ ಬಿಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರ ಮಾತನ್ನು ಜನ ಕೊನೆಯವರೆಗೂ ಕೇಳಿದ್ದರು. ಆ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ.

ತೀರ್ಮಾನ ಹೀಗಾಯಿತು: ಕಥೆ ತಿದ್ದಿಕೊಂಡು ಬರಲಿ, ಕೂಟದ ವಾರ್ಷಿಕ ಸಭೆಯಲ್ಲಿ ಓದಲಿ, ಆಗ ಸದಸ್ಯತ್ವ. ಬೂದು ಬಣ್ಣ ಸಪ್ಪೆ, ಸ್ವೆಟರು ಕೆಂಪಾಗಲಿ ಎಂದರು ಡಾಕ್ಟರು. ಚುಚ್ಚುವ ಹೊಲಿಗೆಯನ್ನು ಕಿತ್ತುಹಾಕಿ ಎಂದರು ಮೇಡಂ. ಇನ್ಶೂರೆನ್ಸಿನವರು ಗಂಟಲು ಸರಿಮಾಡಿಕೊಂಡು, "ಕೊನೆಗೆ ಆಕೆ ಸಾಯಬೇಕು" ಎಂದರು. ಅವರು ಯಾವ ಕಥೆಗೂ ಅದನ್ನೇ ಹೇಳುತ್ತಿದ್ದರಂತೆ, ಕಸುಬಿನ ಪ್ರಭಾವ.

ಮೇಷ್ಟ್ರು ಮನೆಗೆ ಬಂದು ತಿದ್ದಲು ಕೂತರು. ಸ್ವೆಟರು ಕೆಂಪಾಯಿತು, ಹೊಲಿಗೆ ಮಾಯವಾಯಿತು. ಸಾವಿನ ಭಾಗ ಬರೆಯುತ್ತಿದ್ದಾಗ ಅಕ್ಕ ಚಹಾ ತಂದಿಟ್ಟು, "ಏನೋ ಅದು, ಅಷ್ಟೊಂದು ಬರೀತಿದ್ದೀಯಾ?" ಅಂದಳು.

"ಏನಿಲ್ಲ, ಸಿಗ್ನಲ್ ನಿಯಮ," ಎಂದು ಮೇಷ್ಟ್ರು ಹಾಳೆಗೆ ಕೈ ಅಡ್ಡ ಇಟ್ಟರು. ಚಹಾ ಕೊಟ್ಟ ಕೈಯನ್ನೇ ಹಾಳೆಯ ಮೇಲೆ ತಣ್ಣಗಾಗಿಸುತ್ತಿದ್ದೇನಲ್ಲ ಎಂದು ಅನ್ನಿಸಿತು. ಆದರೂ ಬರೆದು ಮುಗಿಸಿದರು. ಅಕ್ಕನಿಗೆ ಹೇಗೂ ತಿಳಿಯುವುದಿಲ್ಲವಲ್ಲ.

ತಿಳಿಯದೇ ಇರುತ್ತಿತ್ತೋ ಏನೋ, ಆ ವಾರವೇ ಅಕ್ಕನಿಗೂ ಹಲ್ಲು ನೋಯಬೇಕೇ? ಡಾಕ್ಟರು ಅವಳ ಹಲ್ಲು ನೋಡಿ, ನಿಮ್ಮ ತಮ್ಮ ಭಾನುವಾರ ಕಥೆ ಓದುತ್ತಾರೆ, ಮನೆಯವರಿಗೂ ಆಹ್ವಾನವಿದೆ, ತಪ್ಪದೆ ಬನ್ನಿ ಎಂದು ಕರೆದುಬಿಟ್ಟರು. ಸಭೆಯ ದಿನ ಮೇಷ್ಟ್ರು ಹಾಳೆ ಬಿಡಿಸಿಕೊಂಡು ತಲೆಯೆತ್ತಿದರೆ ಮುಂದಿನ ಸಾಲಿನಲ್ಲೇ ಅಕ್ಕ. ಬೂದು ಸ್ವೆಟರು, ಅದೂ ಉಲ್ಟಾ.

ಓದದೆ ವಿಧಿಯಿರಲಿಲ್ಲ. ಕೆಂಪು ಸ್ವೆಟರಿನ ಹೆಂಗಸು ಸಮಾಜಕ್ಕೆ ಬೆನ್ನು ಹಾಕಿದಳು, ಮೇಡಂ ಕಣ್ಣು ಮುಚ್ಚಿದರು. ಹೆಂಗಸು ಹಾಸಿಗೆ ಹಿಡಿದಳು, ಇನ್ಶೂರೆನ್ಸಿನವರು ಮುಂದಕ್ಕೆ ಬಾಗಿದರು. ಅಕ್ಕ ಬಿಟ್ಟ ಕಣ್ಣು ಬಿಟ್ಟಂತೆ ಕೇಳುತ್ತಿದ್ದಳು. ಕೊನೆಯುಸಿರಿನ ಸಾಲು ಬಂದೇಬಿಟ್ಟಿತು ಅನ್ನುವಾಗ ಮೇಷ್ಟ್ರ ಬಲಗಾಲು ಧಡ್ ಎಂದು ನೆಲ ಒತ್ತಿತು. ಕಥೆ ನಿಂತಿತು.

"ಆಮೇಲೆ?" ಎಂದರು ಇನ್ಶೂರೆನ್ಸಿನವರು.

"ಆಮೇಲೆ... ಎದ್ದು ಕೂತಳು," ಅಂದರು ಮೇಷ್ಟ್ರು, ಹಾಳೆ ಮಡಚುತ್ತ. "ಹುಷಾರಾದಳು. ಸ್ವೆಟರು ಉಲ್ಟಾ ಹಾಕ್ಕೊಂಡು ಹಾಲು ತರೋಕೆ ಹೋದಳು. ಬೂದು ಸ್ವೆಟರು. ಯಾಕೆ ಉಲ್ಟಾ ಅಂದ್ರೆ ಹೊಲಿಗೆ ಚುಚ್ಚುತ್ತೆ. ಅಷ್ಟೇ ಕಥೆ."

"ಛೆ," ಎಂದರು ಡಾಕ್ಟರು. ಮೇಡಂ, "ಸಂಕೇತವನ್ನ ಕೈಯಾರೆ ಕೊಂದುಬಿಟ್ರಿ" ಎಂದರು.

ಮೇಷ್ಟ್ರಿಗೆ ರೇಗಿಹೋಯಿತು. "ಸಂಕೇತ ಅಲ್ಲರೀ, ನಮ್ಮಕ್ಕ! ಇಲ್ಲೇ ಕೂತಿದ್ದಾಳೆ, ಬೇಕಾದ್ರೆ ಅವಳನ್ನೇ ಕೇಳಿ. ಹೇಳೇ ಅಕ್ಕಾ, ಚುಚ್ಚುತ್ತೆ ತಾನೇ?"

ಎಲ್ಲರೂ ತಿರುಗಿದರು. ಹೊಲಿಗೆ ನೋಡಿದರು, ಲೇಬಲ್ಲು ನೋಡಿದರು. ಅಕ್ಕ ನಿಧಾನವಾಗಿ ಎದ್ದು ನಿಂತಳು.

"ಚುಚ್ಚಲ್ಲ," ಅಂದಳು.

"ಏನಂದೆ?" ಎಂದರು ಮೇಷ್ಟ್ರು.

"ಯಾವತ್ತೂ ಚುಚ್ಚಿಲ್ಲ. ಬೇಕಾದ್ರೆ ಮುಟ್ಟಿ ನೋಡು, ಬೆಣ್ಣೆ ಹಾಗಿದೆ. ಮಕ್ಕಳಿಗೆಲ್ಲ ಒಂದೇ ಥರದ ಸ್ವೆಟರು ತರ್ತಿದ್ಳು ಅಮ್ಮ. ನಾಲ್ಕೂ ಜನ ಸಾಲಾಗಿ ನಿಂತ್ರೆ, ಬಂದ ನೆಂಟರು ಇವಳು ಯಾರು, ಎರಡನೆಯವಳಾ ಮೂರನೆಯವಳಾ ಅಂತ ಕೇಳೋರು. ಒಂದಿನ ತಿರುಗಿಸಿ ಹಾಕ್ಕೊಂಡೆ. ನನಗೆ ಹೀಗೇ ಇಷ್ಟ ಅಂದೆ. ಅಮ್ಮ ಎರಡು ಬಿಟ್ಟಳು. ಮಾರನೇ ದಿನ ಚುಚ್ಚುತ್ತೆ ಅಂದೆ. ಸುಮ್ಮನಾದಳು." ಅಕ್ಕ ತಮ್ಮನನ್ನೇ ನೋಡಿದಳು. "ನೋವು ಅಂದ್ರೆ ಬಿಡ್ತಾರೆ ಕಣೋ. ಇಷ್ಟ ಅಂದ್ರೆ ಬಿಡಲ್ಲ. ಅದಕ್ಕೇ ಇಷ್ಟು ವರ್ಷ ಚುಚ್ಚಿಸ್ಕೊಂಡೇ ಬಂದೆ."

ಮೇಷ್ಟ್ರು ಮಡಚಿದ ಹಾಳೆಯನ್ನು ಜೇಬಿಗೆ ತುರುಕಿದರು. ಜೊತೆಗೇ ಬೆಳೆದು, ಜೊತೆಗೇ ಉಂಡು, ಅಕ್ಕನ ವಿಷಯ ತನಗೆ ಬಿಟ್ಟು ಯಾರಿಗೆ ಗೊತ್ತು ಎಂದು ಮೆರೆದದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಅವಳ ಮುಖ ನೋಡುವ ಮೊದಲೇ ಈ ಜನ ಬಾಯಿಗೆ ಬಂದದ್ದು ಹೇಳಿ ಗೆದ್ದಿದ್ದರು. ಒಮ್ಮೆಯಾದರೂ ತಾನು ಕೇಳಿದ್ದಿದ್ದರೆ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಕೂಟವಂತೂ ಹಿಗ್ಗಿ ಹೀರೇಕಾಯಿ. ಡಾಕ್ಟರು ಚಪ್ಪಾಳೆ ತಟ್ಟಿದರು. ಕಥೆ ಅಂದರೆ ಇದು ಎಂದು ಮೇಡಂ ಕಣ್ಣೊರೆಸಿಕೊಂಡರು. ನಿಂತ ಕಾಲ ಮೇಲೆ ಅಕ್ಕನನ್ನು ಸದಸ್ಯೆ ಮಾಡಿಕೊಂಡರು, ಒಬ್ಬರೂ ತಕರಾರು ಎತ್ತಲಿಲ್ಲ.

"ಇನ್ನು ತಮ್ಮನವರದ್ದು," ಎಂದು ಡಾಕ್ಟರು ಉದಾರವಾಗಿ ನಕ್ಕರು. "ಇವರಿಂದಲೇ ಅಲ್ವೇ ಅಕ್ಕನವರು ಸಿಕ್ಕಿದ್ದು? ಎಲ್ಲರೂ ಹೂಂ ತಾನೇ?"

ಎಲ್ಲರೂ ಹೂಂ ಅಂದರು. ಅಕ್ಕ ಅಡ್ಡಡ್ಡ ತಲೆಯಾಡಿಸಿದಳು.

ಇಬ್ಬರೂ ಕಾರಿನಲ್ಲಿ ಮನೆಗೆ ಹೊರಟರು. ಎರಡು ಸಿಗ್ನಲ್ಲು ದಾಟಿದ ಮೇಲೆ ಮೇಷ್ಟ್ರು, "ಸಾಯಿಸೋಕೆ ಹೊರಟಿದ್ದೆ ಅಂತ ಸಿಟ್ಟಾ?" ಎಂದರು.

"ಅಯ್ಯೋ ಅದಕ್ಕಲ್ಲ. ಸಾಯೋದು ಚೆನ್ನಾಗೇ ಬರೆದಿದ್ದೆ."

"ಮತ್ತೆ?"

"ಅಲ್ಲಿ ನೀನಿದ್ರೆ ಮತ್ತೆ ನಾನು ಮೇಷ್ಟ್ರ ಅಕ್ಕ ಆಗ್ತೀನಿ. ಬೇಜಾರಾಯ್ತಾ?"

"ಆಯ್ತು," ಅಂದರು ಮೇಷ್ಟ್ರು. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಮುಂದಿನ ಭಾನುವಾರ ಅವರೇ ಅಕ್ಕನನ್ನು ಕ್ಲಿನಿಕ್ಕಿಗೆ ಬಿಟ್ಟು, ಎದುರಿಗೇ ಕಾರು ನಿಲ್ಲಿಸಿಕೊಂಡು ಕೂತರು. ಚಳಿ ಗಡಗಡ ನಡುಗಿಸುವಂತಿತ್ತು. ಅಕ್ಕನಿಗೆ ಗೌರವ ತೋರಿಸಲೆಂದೋ ಏನೋ, ಕಿಟಕಿಯಾಚೆ ಮೇಡಂ, ಡಾಕ್ಟರು, ಇನ್ಶೂರೆನ್ಸಿನವರು, ಎಲ್ಲರ ಕತ್ತಿನ ಹಿಂದೆಯೂ ಲೇಬಲ್ಲು ಹೊರಗೇ ಇತ್ತು. ಅಕ್ಕ ಬಾಗಿಲಲ್ಲೇ ನಿಂತು ಅವರನ್ನೊಮ್ಮೆ ನೋಡಿದಳು, ಸ್ವೆಟರು ತೆಗೆದು ತಿರುಗಿಸಿ ಸೀದಾ ಹಾಕಿಕೊಂಡು ಒಳಗೆ ಹೋಗಿ ಕೂತಳು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅವಳು ಓದಲು ಶುರುಮಾಡಿದಳು. ಗಾಜಿನಾಚೆಯ ಮಾತು ಕೇಳಿಸುತ್ತಿರಲಿಲ್ಲ, ಕೈ ಆಡುವುದು ಕಾಣುತ್ತಿತ್ತು, ಒಮ್ಮೊಮ್ಮೆ ಎಲ್ಲರೂ ನಗುವುದು ಕಾಣುತ್ತಿತ್ತು. ಇಷ್ಟೊಂದು ಮಾತನ್ನು ಇವಳು ಎಲ್ಲಿಟ್ಟಿದ್ದಳೋ. ಎಂಜಿನ್ನು ಚಾಲೂ ಮಾಡಿದರೆ ಕಾರು ಬೆಚ್ಚಗಾಗುತ್ತಿತ್ತು. ಕೀಲಿಯ ಮೇಲೆ ಕೈಯಿಟ್ಟ ಮೇಷ್ಟ್ರು, ಆ ಗದ್ದಲಕ್ಕೆ ಅವಳು ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಹೆದರಿ, ಕೈ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.